ಮಾಡಿದ್ದುಣ್ಣೋ ಮಹಾರಾಯ ಅಂದರೆ ಸಾಕಾ, ಮೇಷ್ಟ್ರೇ?

ದಾವಣಗೆರೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಹೋದ ಸಂಚಿಕೆಯಲ್ಲಿ ಶುಭ ಶುಕ್ರವಾರದ ಪ್ರಾರ್ಥನೆಯ ಬಗ್ಗೆ ಬಂದ ಲೇಖನ ಓದಿ ಅವರಿಗೆ ಸಿಟ್ಟು ಬಂದಿದೆ. ಪತ್ರದ ತಿರುಳು ಇಷ್ಟು: "ಜೀವಮಾನವೆಲ್ಲ ಕೊಲೆ ಸುಲಿಗೆ ಮಾಡಿದವನು ಸಾಯೋ ಗಳಿಗೆಯಲ್ಲಿ ಯೇಸುವನ್ನು ನಂಬಿದರೆ ಸ್ವರ್ಗ. ಜೀವಮಾನವೆಲ್ಲ ಸತ್ಯಕ್ಕೆ ದುಡಿದ ಗಾಂಧಿ ನಂಬಲಿಲ್ಲ ಅಂತ ನರಕ. ಇದ್ಯಾವ ನ್ಯಾಯ? ನಮ್ಮಲ್ಲಿ ಮಾಡಿದ್ದುಣ್ಣೋ ಮಹಾರಾಯ, ಮುಗೀತು. ಎಲ್ಲ ಧರ್ಮವೂ ಹೇಳೋದು ಅದನ್ನೇ, ಇವರೊಬ್ಬರು ಬಿಟ್ಟು. ಇಂಥದ್ದನ್ನೆಲ್ಲ ಯಾಕೆ ಹಾಕ್ತೀರಿ?"

ಮೇಷ್ಟ್ರೇ, ನಿಮ್ಮ ಮಾತಿಗೆ ಸಲ್ಲಬೇಕಾದ ಗೌರವ ಮೊದಲು ಸಲ್ಲಿಸುತ್ತೇನೆ. ಮಾಡಿದ್ದುಣ್ಣೋ ಅನ್ನೋದು ಸಣ್ಣ ಮಾತಲ್ಲ. ಬಡವನ ಜಮೀನು ಹೊಡೆದವನು ಎಂದಾದರೂ ಉತ್ತರ ಕೊಡಬೇಕಾಗುತ್ತೆ ಅನ್ನೋ ನಂಬಿಕೆಯ ಮೇಲೇ ಎಷ್ಟೋ ಜನ ಬದುಕು ನೂಕಿದ್ದಾರೆ. ಜೈನರು ಅದನ್ನು ಕೊನೆಯವರೆಗೂ ಒಯ್ದರು. ನಿನ್ನ ಕರ್ಮ ನೀನೇ ಸವೆಸಬೇಕು, ತೀರ್ಥಂಕರರು ದಾರಿ ತೋರಿಸುತ್ತಾರೆ ಅಷ್ಟೇ, ನಿನ್ನ ಬದಲು ನಡೆಯುವುದಿಲ್ಲ. ಒಬ್ಬರ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಅಂತ ಕುರಾನೂ ಹೇಳುತ್ತೆ. ಸರಿ.

ಆದರೆ ನಿಮ್ಮ ಪ್ರಶ್ನೆ ಕ್ರೈಸ್ತರಿಗೆ ಹೊಳೆದೇ ಇಲ್ಲ ಅನ್ನೋ ಹಾಗೆ ಬರೆದಿದ್ದೀರಲ್ಲ, ಅದು ನನಗೆ ಸರಿ ಕಾಣಲಿಲ್ಲ. ಆ ಪ್ರಶ್ನೆ ಬೈಬಲ್ಲಿನ ಒಳಗೇ ಇದೆ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ ತೆಗೆಯಿರಿ. ದ್ರಾಕ್ಷಿ ತೋಟದ ಯಜಮಾನ ಬೆಳಗಿನ ಜಾವ ಹೋಗಿ ಕೂಲಿಯವರನ್ನು ಕರೆದು ತರುತ್ತಾನೆ. ದಿನಕ್ಕೆ ಒಂದು ದಿನಾರಿ ಅಂತ ಮಾತಾಗಿರುತ್ತೆ. ಮತ್ತೆ ಒಂಬತ್ತಕ್ಕೆ ಹೋಗುತ್ತಾನೆ, ಮಧ್ಯಾಹ್ನ ಹೋಗುತ್ತಾನೆ, ಮೂರಕ್ಕೆ ಹೋಗುತ್ತಾನೆ. ಸಂಜೆ ಐದಕ್ಕೂ ಹೋಗಿ, ಇನ್ನೂ ಪೇಟೆಯಲ್ಲಿ ಸುಮ್ನೆ ನಿಂತವರನ್ನು "ಯಾಕಪ್ಪ ನಿಂತಿದ್ದೀರಿ" ಅಂತ ಕೇಳುತ್ತಾನೆ. "ನಮ್ಮನ್ನು ಯಾರೂ ಕೂಲಿಗೆ ಕರೀಲಿಲ್ಲ" ಅಂತಾರೆ ಅವರು. ಬನ್ನಿ ಅಂತಾನೆ. ಕತ್ತಲಾದ ಮೇಲೆ ಎಲ್ಲರಿಗೂ ಒಂದೇ ಕೂಲಿ, ಒಂದು ದಿನಾರಿ. ಬೆಳಗಿಂದ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ: ಒಂದು ತಾಸು ಮಾಡಿದವರಿಗೂ ಅಷ್ಟೇ, ನಮಗೂ ಅಷ್ಟೇನಾ? ನೋಡಿ, ನಿಮ್ಮ ಪತ್ರವನ್ನು ಅವರು ಎರಡು ಸಾವಿರ ವರ್ಷದ ಹಿಂದೆಯೇ ಬರೆದಿದ್ದಾರೆ. ಯಜಮಾನನ ಉತ್ತರ ಇಷ್ಟೇ: ನಿನಗೆ ಮೋಸ ಮಾಡಿಲ್ಲ, ಮಾತಾದಷ್ಟು ಕೊಟ್ಟಿದ್ದೇನೆ, ನಾನು ಧಾರಾಳವಾಗಿ ಕೊಟ್ಟರೆ ನಿನಗ್ಯಾಕೆ ಹೊಟ್ಟೆಕಿಚ್ಚು?

ನನಗೆ ಆ ಕಥೆಯಲ್ಲಿ ಯಾವಾಗಲೂ ಮನಸ್ಸಿಗೆ ತಾಕುವುದು ಸಂಜೆ ಐದರವರ ಮಾತು. ಯಾರೂ ಕರೀಲಿಲ್ಲ. ಅವರೇನು ಸೋಮಾರಿಗಳಲ್ಲ. ಮನೆಯಲ್ಲಿ ಅವರ ಮಕ್ಕಳಿಗೂ ಹಸಿವು ಅಷ್ಟೇ ಇರುತ್ತೆ, ಅಲ್ವಾ?

ಇನ್ನು ನೀವು ಹೇಳಿದ ಕೊಲೆಗಾರ. ಅವನು ಲೂಕನ ಸುವಾರ್ತೆಯ 23ನೇ ಅಧ್ಯಾಯದಲ್ಲಿದ್ದಾನೆ. ಮೂರು ಶಿಲುಬೆ, ನಡುವೆ ಯೇಸು, ಎರಡು ಪಕ್ಕ ಇಬ್ಬರು ಅಪರಾಧಿಗಳು. ಒಬ್ಬ ಹಂಗಿಸುತ್ತಾನೆ, ನೀನು ಕ್ರಿಸ್ತನಾದರೆ ನಿನ್ನನ್ನೂ ಉಳಿಸಿಕೋ ನಮ್ಮನ್ನೂ ಉಳಿಸು ಅಂತ. ಇನ್ನೊಬ್ಬ ಅವನನ್ನು ಗದರಿಸುತ್ತಾನೆ. ಏನಂತ ಗೊತ್ತಾ? ನಾವು ಮಾಡಿದ್ದಕ್ಕೆ ತಕ್ಕದ್ದನ್ನೇ ಉಣ್ಣುತ್ತಿದ್ದೇವೆ, ಈತ ಯಾವ ತಪ್ಪೂ ಮಾಡಿಲ್ಲ ಅಂತ. ಅಂದರೆ ನಿಮ್ಮ ಮಾಡಿದ್ದುಣ್ಣೋ ಮಹಾರಾಯ ಅವನ ಬಾಯಲ್ಲೇ ಬಂತು. ಶಿಕ್ಷೆ ತಪ್ಪಿಸು ಅಂತ ಅವನು ಕೇಳಲಿಲ್ಲ, ಶಿಲುಬೆಯಿಂದ ಇಳಿಸು ಅಂತಲೂ ಕೇಳಲಿಲ್ಲ. ನಿನ್ನ ರಾಜ್ಯಕ್ಕೆ ಬಂದಾಗ ನನ್ನನ್ನು ನೆನಪಿಸಿಕೋ ಅಂದ. ಇವತ್ತೇ ನನ್ನ ಜೊತೆ ಇರುತ್ತೀ ಅಂತ ಉತ್ತರ ಬಂತು. ಅವನು ಸತ್ತಿದ್ದು ಶಿಲುಬೆ ಮೇಲೇ. ಉಣ್ಣಬೇಕಾದ್ದನ್ನು ಉಂಡೇ ಹೋದ.

ಮೇಷ್ಟ್ರೇ, ನೀವು ಅಜಾಮಿಳನ ಹರಿಕಥೆ ಕೇಳಿರಲೇಬೇಕು. ಭಾಗವತದ ಆರನೇ ಸ್ಕಂಧ. ಕನ್ಯಾಕುಬ್ಜದ ಬ್ರಾಹ್ಮಣ, ಹೆಂಡತಿಯನ್ನು ಬಿಟ್ಟ, ಜೂಜಾಡಿದ, ಕದ್ದ, ಮೋಸ ಮಾಡಿದ, 88 ವರ್ಷ ವಯಸ್ಸಾಗುವವರೆಗೂ ಹಾಗೇ ಕಳೆದ. ಸಾಯುವಾಗ ಯಮದೂತರನ್ನು ಕಂಡು ಹೆದರಿ ಕಿರೀಮಗನನ್ನು ಕೂಗಿದ. ಮಗನ ಹೆಸರು ನಾರಾಯಣ. ವಿಷ್ಣುದೂತರು ಓಡಿ ಬಂದರು. ನಮ್ಮೂರಿನ ಗುಡಿಯಲ್ಲಿ ಈ ಕಥೆ ನಡೆದಾಗ ಇದ್ಯಾವ ನ್ಯಾಯ ಅಂತ ಒಬ್ಬರೂ ಎದ್ದು ಕೇಳಿದ್ದು ನಾನು ನೋಡಿಲ್ಲ. ನಮ್ಮಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅಜಾಮಿಳನಿಗೆ ಸಿಕ್ಕಿದ್ದಕ್ಕೆ ಅಳು, ಶಿಲುಬೆ ಮೇಲಿನ ಅಪರಾಧಿಗೆ ಸಿಕ್ಕಿದ್ದಕ್ಕೆ ಸಿಟ್ಟು. ಇದು ಯಾಕೆ ಹೀಗೆ ಅಂತ ನಾವು ನಮ್ಮನ್ನೇ ಕೇಳಿಕೊಳ್ಳಬೇಕು.

ಹಾಗಂತ ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. "ಎಲ್ಲ ಧರ್ಮವೂ ಹೇಳೋದು ಅದನ್ನೇ" ಅಂತ ನೀವು ಬರೆದಿದ್ದೀರಿ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ, ಬೇಜಾರು ಮಾಡ್ಕೋಬೇಡಿ. ಅಜಾಮಿಳ ಆ ದಿನ ಸಾಯುವುದಿಲ್ಲ. ಎದ್ದು ಕೂರುತ್ತಾನೆ, ಪಶ್ಚಾತ್ತಾಪ ಪಡುತ್ತಾನೆ, ಗಂಗಾದ್ವಾರಕ್ಕೆ ಹೋಗಿ ತಪಸ್ಸು ಮಾಡುತ್ತಾನೆ, ಆಮೇಲೆ ವೈಕುಂಠ. ಅವನಿಗೆ ಇನ್ನೊಂದಿಷ್ಟು ಕಾಲ ಸಿಕ್ಕಿತು. ಅದೂ ಸಿಗದಿದ್ದರೆ ಇನ್ನೊಂದು ಜನ್ಮ ಇತ್ತು. ಶಿಲುಬೆ ಮೇಲಿದ್ದವನಿಗೆ ಸಂಜೆಯವರೆಗೆ ಮಾತ್ರ. ಕ್ರೈಸ್ತರಿಗೆ ಜನ್ಮ ಒಂದೇ. ಆ ಒಂದರಲ್ಲಿ ಎಷ್ಟು ಪುಣ್ಯ ಮಾಡಿದರೂ ಲೆಕ್ಕದ ಪುಸ್ತಕ ಸರಿಹೋಗುವುದಿಲ್ಲ, ಹಾಗಾಗಿ ಬಾಕಿ ತೀರಿಸುವವನು ಹೊರಗಿಂದಲೇ ಬರಬೇಕು ಅನ್ನೋದು ಅವರ ನಂಬಿಕೆ. ನಮಗೆ ಬಿಡುಗಡೆ ಬೇಕಾಗಿರುವುದು ಹುಟ್ಟು ಸಾವಿನ ಸುತ್ತಾಟದಿಂದ, ಅವರಿಗೆ ಪಾಪದಿಂದ. ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಅವರ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ನಿಂತಿರುವುದು ಇತಿಹಾಸದಲ್ಲಿ ನಡೆದ ಒಂದು ಸಾವಿನ ಮೇಲೆ, ಪೊಂತ್ಯ ಪಿಲಾತ ಅನ್ನೋ ಅಧಿಕಾರಿಯ ಕಾಲದಲ್ಲಿ, ಜೆರುಸಲೇಮಿನ ಹೊರಗೆ. ಅದನ್ನು ತೆಗೆದರೆ ಉಳಿಯೋದು ಒಳ್ಳೆಯ ಬುದ್ಧಿಮಾತು, ಅಷ್ಟೇ.

ಅರ್ಹತೆ ನೋಡದೆ ದೇವರು ಕೊಡುವ ಕೃಪೆ ಅಂದರೆ ಪಾಪಕ್ಕೆ ಪರವಾನಗಿ ಅನ್ನೋ ನಿಮ್ಮ ಅನುಮಾನ ಗಾಂಧಿಯವರಿಗೂ ಬಂದಿತ್ತು. 1893ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ ಹೊಸದರಲ್ಲಿ, ಪ್ಲಿಮತ್ ಬ್ರದರನ್ ಅನ್ನೋ ಕ್ರೈಸ್ತ ಪಂಥದ ಒಬ್ಬರು ಅವರಿಗೆ ಹೇಳಿದರಂತೆ: ಪಾಪ ಮಾಡದೆ ಇರೋಕೆ ಯಾರಿಗೂ ಆಗಲ್ಲ, ಯೇಸು ಹೊತ್ತುಕೊಂಡಿದ್ದಾನೆ, ನಂಬಿ ನೆಮ್ಮದಿಯಾಗಿರಿ. ಗಾಂಧಿ ಒಪ್ಪಲಿಲ್ಲ. ನನಗೆ ಪಾಪದ ಫಲದಿಂದ ಬಿಡುಗಡೆ ಬೇಡ, ಪಾಪದಿಂದಲೇ ಬಿಡುಗಡೆ ಬೇಕು ಅಂದರು. ಆತ್ಮಕಥೆಯಲ್ಲೇ ಇದೆ. ಎಂಥ ಉತ್ತರ! ಆದರೆ ಅದು ಆ ಒಬ್ಬ ಬ್ರದರನ್‌ಗೆ ಉತ್ತರ. ಬೈಬಲ್ಲಿನಲ್ಲೇ, ಮೊದಲ ಕಾಲದ ಬೋಧಕ ಪೌಲ ರೋಮದವರಿಗೆ ಬರೆದ ಪತ್ರದಲ್ಲಿ, ಕೃಪೆ ಹೆಚ್ಚಲಿ ಅಂತ ಪಾಪ ಮಾಡ್ತಾ ಇರೋಣವೇ ಅಂತ ತಾನೇ ಕೇಳಿ, ಎಂದಿಗೂ ಇಲ್ಲ ಅಂತ ತಾನೇ ಹೇಳಿದ್ದಾನೆ. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅಂತ ಅದೇ ಬೈಬಲ್ಲಿನಲ್ಲಿ ಯಾಕೋಬ ಬರೆದ. ಜರ್ಮನಿಯ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ 1937ರಲ್ಲಿ ಅಗ್ಗದ ಕೃಪೆಯೇ ಸಭೆಯ, ಅಂದರೆ ಚರ್ಚಿನ, ಶತ್ರು ಅಂತ ಬರೆದರು, ಹಿಟ್ಲರನ ವಿರುದ್ಧ ನಿಂತರು, 1945ರ ಏಪ್ರಿಲ್ 9ರಂದು ಗಲ್ಲಿಗೇರಿದರು. ಅದೇ ಬಾನ್‌ಹಾಫರ್ ಗಾಂಧಿ ಆಶ್ರಮಕ್ಕೆ ಬಂದು ಇರಬೇಕು ಅಂತ ಆಸೆಪಟ್ಟಿದ್ದರು. ಗಾಂಧಿ 1934ರಲ್ಲಿ ಬನ್ನಿ ಅಂತ ಕಾಗದವನ್ನೂ ಬರೆದಿದ್ದರು. ಬರೋಕೆ ಆಗಲಿಲ್ಲ. ಅವರಿಬ್ಬರೂ ಒಂದು ಸಂಜೆ ಕೂತು ಮಾತಾಡಿದ್ದರೆ ಅನ್ನೋದು ನನ್ನನ್ನು ಕಾಡುವ ಆಸೆಗಳಲ್ಲಿ ಒಂದು.

ಗಾಂಧಿಗೆ ನರಕವಾ ಅನ್ನೋ ಪ್ರಶ್ನೆಗೆ ಬರೋಣ. ಸಭೆಯ ಹೊರಗೆ ರಕ್ಷಣೆ ಇಲ್ಲ ಅನ್ನೋ ಮಾತು ಮೂರನೇ ಶತಮಾನದ ಕಾರ್ತೇಜಿನ ಬಿಷಪ್ ಸಿಪ್ರಿಯನ್ ಅವರದು. ಅವರ ಜಗಳ ಇದ್ದದ್ದು ಸಭೆ ಒಡೆದು ಹೋದ ಕ್ರೈಸ್ತರ ಜೊತೆ. 1442ರಲ್ಲಿ ಫ್ಲಾರೆನ್ಸಿನಲ್ಲಿ ಸೇರಿದ ಬಿಷಪರ ಮಹಾಸಭೆ ಅದನ್ನು ಯೆಹೂದಿಗಳಿಗೂ ಉಳಿದೆಲ್ಲರಿಗೂ ಬೆಂಕಿ ಅನ್ನೋವರೆಗೆ ಎಳೆಯಿತು. ಅದು ಕ್ರೂರ ಮಾತು, ಅದನ್ನು ನಾನು ಸಮರ್ಥಿಸುವುದಿಲ್ಲ. ರೈಲಿನಲ್ಲಿ ನನ್ನ ಕೈಗೆ ಕರಪತ್ರ ತುರುಕಿ, ತೀರಿಕೊಂಡ ನಿಮ್ಮಪ್ಪ ಈಗ ಎಲ್ಲಿದ್ದಾರೆ ಗೊತ್ತಾ ಅಂತ ಕೇಳಿದ ಹುಡುಗನನ್ನೂ ಸಮರ್ಥಿಸುವುದಿಲ್ಲ. ಆದರೆ ಕಥೆ ಅಲ್ಲಿಗೇ ನಿಂತಿಲ್ಲ. ಬಾಸ್ಟನ್ನಿನ ಫಾದರ್ ಲಿಯೊನಾರ್ಡ್ ಫೀನಿ ಕ್ಯಾಥೊಲಿಕರನ್ನು ಬಿಟ್ಟು ಯಾರಿಗೂ ರಕ್ಷಣೆ ಇಲ್ಲ ಅಂತ ಹಟ ಹಿಡಿದಾಗ, ಇದು ಸಭೆಯ ಬೋಧನೆ ಅಲ್ಲ ಅಂತ 1949ರಲ್ಲಿ ರೋಮ್ ಪತ್ರ ಬರೆಯಿತು. ರೋಮಿಗೆ ಕರೆದರೂ ಆತ ಹೋಗಲಿಲ್ಲ, 1953ರಲ್ಲಿ ಅವರನ್ನೇ ಬಹಿಷ್ಕರಿಸಿತು. ತನ್ನ ತಪ್ಪಿಲ್ಲದೆ ಸುವಾರ್ತೆ ತಿಳಿಯದೆ ಇದ್ದು, ದೇವರನ್ನು ನಿಜ ಮನಸ್ಸಿಂದ ಹುಡುಕಿ, ಮನಸ್ಸಾಕ್ಷಿ ಹೇಳಿದಂತೆ ಬಾಳಿದವನೂ ರಕ್ಷಣೆ ಹೊಂದಬಹುದು ಅಂತ 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿತು. ಇವತ್ತಿಗೂ ಒಪ್ಪದ ಕ್ರೈಸ್ತರು ಬಹಳ ಜನ ಇದ್ದಾರೆ. ನಾನೇ ದಾರಿ, ಸತ್ಯ, ಜೀವ ಅಂತ ಯೇಸು ಹೇಳಿದ ಯೋಹಾನನ ಸುವಾರ್ತೆಯ ಮಾತು ಅವರ ಮುಂದಿದೆ. ಅದನ್ನು ಅವರು ಸುಮ್ನೆ ಬಿಟ್ಟುಬಿಡಲಿ ಅನ್ನೋ ಹಕ್ಕು ನಮಗಿಲ್ಲ.

ಈ ಪ್ರಶ್ನೆಗೆ ಇಡೀ ಜೀವನ ಕೊಟ್ಟ ಒಬ್ಬ ಕನ್ನಡಿಗರಿದ್ದರು, ಮೇಷ್ಟ್ರೇ. ಸ್ಟ್ಯಾನ್ಲಿ ಸಮರ್ಥ. ಹುಟ್ಟಿದ್ದು 1920ರಲ್ಲಿ, ಕಾರ್ಕಳದಲ್ಲಿ. ಜಿನೀವಾದ ಚರ್ಚುಗಳ ವಿಶ್ವ ಮಂಡಳಿಯಲ್ಲಿ 1971ರಿಂದ ಬೇರೆ ಧರ್ಮದವರ ಜೊತೆ ಸಂವಾದದ ವಿಭಾಗ ನಡೆಸಿದವರು. ಕ್ರಿಸ್ತನಿಗೆ ಪೂರ್ತಿ ನಿಷ್ಠನಾಗಿದ್ದುಕೊಂಡೇ ಪಕ್ಕದವನ ದೇವರನ್ನು ಗೌರವಿಸಬಹುದು ಅಂತ ವಾದಿಸಿದರು, ತಮ್ಮವರಿಂದಲೇ ಟೀಕೆ ಕೇಳಿದರು. ಕಾರ್ಕಳ ಅಂದರೆ ನಮಗೆ ಗೊಮ್ಮಟ ಗೊತ್ತು, ಕರಿಕಲ್ಲು ಗೊತ್ತು. ಈ ಹೆಸರನ್ನು ನಮ್ಮ ಯಾವ ಪಠ್ಯದಲ್ಲೂ ನಾನು ಕಂಡಿಲ್ಲ.

ಆಯ್ಕೆಯಾದವರು ಬೇರೆ, ಉಳಿದವರು ಬೇರೆ ಅನ್ನೋ ಮಾತು ಕ್ರೈಸ್ತರಲ್ಲಿ ಮಾತ್ರ ಇದೆ ಅಂತ ಹೇಳಬೇಡಿ. ಕಾರ್ಕಳದಿಂದ ಉಡುಪಿ ಎಷ್ಟು ದೂರ? ಮಧ್ವಾಚಾರ್ಯರು ಜೀವರಲ್ಲಿ ಮೂರು ಬಗೆ ಹೇಳಿದರು. ಮುಕ್ತಿಗೆ ಯೋಗ್ಯರು, ಎಂದೆಂದಿಗೂ ಸಂಸಾರದಲ್ಲೇ ಇರುವವರು, ಎಂದೆಂದಿಗೂ ಕತ್ತಲಿಗೆ ಹೋಗುವವರು. ಮುಕ್ತಿ ಯೋಗ್ಯನಿಗೂ ಹರಿಯ ಪ್ರಸಾದ, ಅಂದರೆ ಕೃಪೆ, ಇಲ್ಲದೆ ಮೋಕ್ಷ ಇಲ್ಲ ಅಂದರು. ರಾಮಾನುಜರ ಹಿಂಬಾಲಕರು ಇದೇ ವಿಷಯಕ್ಕೆ ಎರಡಾದರು. ಮರಿಕೋತಿ ತಾಯಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ, ಹಾಗೆ ಭಕ್ತನೂ ಹಿಡಿಯಬೇಕು ಅಂದರು ವಡಗಲೆಯವರು. ಬೆಕ್ಕಿನ ಮರಿ ಏನೂ ಮಾಡಲ್ಲ, ತಾಯಿಯೇ ಕಚ್ಚಿಕೊಂಡು ಹೋಗುತ್ತೆ ಅಂದರು ತೆಂಗಲೆಯವರು. ಜಪಾನಿನಲ್ಲಿ 13ನೇ ಶತಮಾನದ ಶಿನ್‌ರಾನ್ ಅನ್ನೋ ಬೌದ್ಧ ಗುರು, ಒಳ್ಳೆಯವನಿಗೇ ಅಮಿದ ಬುದ್ಧನ ಲೋಕ ಸಿಗುವುದಾದರೆ ಪಾಪಿಗೆ ಸಿಗದೆ ಇರುತ್ತಾ ಅಂದ. ಮುಂದೆ ಅಲ್ಲಿಗೆ ಹೋದ ಜೆಸುಯಿಟ್ ಪಾದ್ರಿಗಳಿಗೆ ಅದನ್ನು ಕೇಳಿ, ಕೃಪೆಯಿಂದಲೇ ರಕ್ಷಣೆ ಅಂದ ಜರ್ಮನಿಯ ಸುಧಾರಕ ಲೂಥರನ ನೆನಪಾಯಿತು. ನಮ್ಮ ಬಸವಣ್ಣನವರನ್ನೇ ನೋಡಿ. ಆಚಾರವೇ ಸ್ವರ್ಗ ಅನಾಚಾರವೇ ನರಕ ಅಂದವರೂ ಅವರೇ, ನೀನೊಲಿದರೆ ಕೊರಡು ಕೊನರುವುದಯ್ಯಾ ಅಂದವರೂ ಅವರೇ. ನೀವು ತರಗತಿಯಲ್ಲಿ ಎರಡನ್ನೂ ಪಾಠ ಮಾಡಿರುತ್ತೀರಿ. ಕೊರಡಿಗೆ ಯಾವ ಅರ್ಹತೆ ಇತ್ತು?

ನನ್ನ ನಿಜವಾದ ತಕರಾರು ನಿಮ್ಮ ಮೇಲಲ್ಲ. ನಮ್ಮ ಶಾಲೆಗಳಲ್ಲಿ 1517ರಲ್ಲಿ ಲೂಥರ್ ಪಾಪವಿಮೋಚನೆಯ ಚೀಟಿ ಮಾರಾಟದ ವಿರುದ್ಧ ಎದ್ದ ಅಂತ ಇಸವಿ ಉರು ಹೊಡೆಸುತ್ತಾರೆ. ಅವನ ಹೊಟ್ಟೆಯಲ್ಲಿ ಎಂಥ ಸಂಕಟ ಇತ್ತು ಅಂತ ಯಾರೂ ಹೇಳುವುದಿಲ್ಲ. ಎಷ್ಟು ಉಪವಾಸ ಮಾಡಿದರೂ ದೇವರಿಗೆ ಸಾಕಾಯಿತು ಅನಿಸದೆ ನರಳಿದ ಸನ್ಯಾಸಿ ಅವನು. ಆ ಜಗಳದ ಮೂಲದ ಬಗ್ಗೆ ಲೂಥರನ್ನರೂ ಕ್ಯಾಥೊಲಿಕರೂ 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಅದೂ ಕೃಪೆಯಿಂದಲೇ ರಕ್ಷಣೆ ಅನ್ನೋ ಮಾತಿನ ಮೇಲೆ. ನಮ್ಮ ಪೇಪರುಗಳಲ್ಲಿ ಅದು ಸುದ್ದಿಯಾದದ್ದು ನನಗೆ ನೆನಪಿಲ್ಲ. ಮತಾಂತರದ ಜಗಳ ಆದರೆ ಮಾತ್ರ ಮುಖಪುಟ. ಟಿವಿಯಲ್ಲಿ ಎರಡು ಕಡೆಯವರನ್ನು ಕೂರಿಸಿ ಕಿರುಚಿಸುತ್ತಾರೆ, ಒಬ್ಬರ ಗ್ರಂಥವನ್ನು ಇನ್ನೊಬ್ಬರು ಹತ್ತು ಪುಟ ಓದಿರುವುದಿಲ್ಲ. ಚರ್ಚಿಗೆ ಹೋಗುವ ನನ್ನ ಗೆಳೆಯರಲ್ಲೂ ಅಜಾಮಿಳ ಯಾರು ಅಂತ ಗೊತ್ತಿಲ್ಲದವರೇ ಜಾಸ್ತಿ. ಕರ್ಮ ಅಂದರೆ ಹಣೆಬರಹ ಅಂದುಕೊಂಡಿದ್ದಾರೆ. ನೂರಾರು ವರ್ಷದಿಂದ ಅಕ್ಕಪಕ್ಕ ಮನೆ ಮಾಡಿಕೊಂಡು, ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂದು, ದೀಪಾವಳಿಗೆ ಹೋಳಿಗೆ ಕೊಟ್ಟು, ಪಕ್ಕದ ಮನೆಯವರು ರಾತ್ರಿ ಮಲಗುವ ಮುಂಚೆ ದೇವರ ಹತ್ತಿರ ಏನು ಬೇಡಿಕೊಳ್ಳುತ್ತಾರೆ ಅಂತ ನಮಗೆ ಗೊತ್ತಿಲ್ಲ.

ಯಾಕೆ ಹಾಕ್ತೀರಿ ಅಂತ ಕೇಳಿದಿರಿ. ಇದಕ್ಕೇ ಹಾಕುತ್ತೇವೆ. ಮುಂದಿನ ತಿಂಗಳೂ ಹಾಕುತ್ತೇವೆ. ನಿಮಗೊಂದು ಕೆಲಸ ಕೊಡುತ್ತೇನೆ, ಮೇಷ್ಟ್ರು ಅನ್ನೋ ಸಲುಗೆಯಿಂದ. ಲೂಕನ ಸುವಾರ್ತೆಯ 15ನೇ ಅಧ್ಯಾಯ ಓದಿ. ಆಸ್ತಿ ಹಾಳು ಮಾಡಿ ಬಂದ ಕಿರಿಮಗನಿಗೆ ಅಪ್ಪ ಔತಣ ಮಾಡಿಸುತ್ತಾನೆ. ಹೊಲದಿಂದ ಬಂದ ಹಿರಿಮಗ ಹಾಡು ಕುಣಿತ ಕೇಳಿ ಸಿಟ್ಟಾಗಿ ಅಂಗಳದಲ್ಲೇ ನಿಲ್ಲುತ್ತಾನೆ. ಇಷ್ಟು ವರ್ಷ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂತಾನೆ. ಅಪ್ಪ ಹೊರಗೆ ಬಂದು, ಮಗನೇ, ನನ್ನದೆಲ್ಲ ನಿನ್ನದೇ, ಒಳಗೆ ಬಾ ಅಂತ ಬೇಡಿಕೊಳ್ಳುತ್ತಾನೆ. ಅವನು ಒಳಗೆ ಹೋದನಾ ಇಲ್ಲವಾ ಅಂತ ಲೂಕ ಬರೆದಿಲ್ಲ. ಹೋಗಬೇಕಿತ್ತಾ, ಯಾಕೆ ಹೋಗಬೇಕಿತ್ತು, ಅಥವಾ ಯಾಕೆ ಹೋಗಬಾರದಿತ್ತು ಅಂತ ಹಿರಿಮಗನ ಪರವಾಗಿಯೇ ಬರೆಯಿರಿ. ಎರಡು ಪುಟ ಇಟ್ಟಿರುತ್ತೇನೆ, ಒಂದು ಸಾಲೂ ಕತ್ತರಿಸುವುದಿಲ್ಲ.