ಗೈಡ್ ಇರೋದು ಕೊನೆಗೆ ಸೈನ್ ಹಾಕ್ಲಿಕ್ಕೆ ಮಾತ್ರವಾ?

ಪ್ರೀತಿಯ ತಂಗೀ,

ನಿನ್ನ ನಾಲ್ಕು ಪುಟದ ಪತ್ರ ಬಂದು ಎರಡು ವಾರ ಆಯ್ತು. ಹೆಸರು, ಕಾಲೇಜು ಎರಡೂ ಹಾಕ್ಬೇಡಿ ಅಂತ ಕೊನೆಗೆ ಅಡಿಗೆರೆ ಎಳೆದು ಬರ್ದಿದ್ದಿ, ಹಾಕುದಿಲ್ಲ. ಉಳಿದ ಓದುಗರಿಗೆ ವಿಷಯ ಎಂತ ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ ಚುಟುಕಾಗಿ ಹೇಳ್ತೇನೆ. ನಮ್ಮ ಕಾಸರಗೋಡಿನ ಬದಿಯಡ್ಕ ಹತ್ತಿರದ ಈ ತಂಗಿ ಸೈಕಾಲಜಿ ಡಿಗ್ರಿ ಕೊನೇ ವರ್ಷ. ಪ್ರಾಜೆಕ್ಟ್ ಮಾಡ್ಲಿಕ್ಕುಂಟು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಪ್ಲಸ್ ವನ್‌ಗೆ (ಹನ್ನೊಂದನೇ ಕ್ಲಾಸಿಗೆ) ಮಲಯಾಳಂ, ಇಂಗ್ಲಿಷ್ ನಡುವೆ ಹೋಗಿ ಕೂತ್ಕೊಳ್ಳುವ ಮಕ್ಕಳ ಮನಸ್ಸಿನ ಒತ್ತಡದ ಬಗ್ಗೆ ಮಾಡ್ಬೇಕು ಅಂತ ಅವಳ ಆಸೆ, ಯಾಕಂದ್ರೆ ಅವಳೇ ಹಾಗೆ ಹೋಗಿ ಕೂತವಳು. ಪ್ರಾಜೆಕ್ಟಿಗೆ ದಾರಿ ತೋರಿಸ್ಬೇಕಾದ ಅಧ್ಯಾಪಕರು, ಅಂದ್ರೆ ಗೈಡ್, ಕೇರಳದ ದಕ್ಷಿಣದ ಜಿಲ್ಲೆಯವರು, ಕನ್ನಡ ಬರುದಿಲ್ಲ, ಅವರ ಕೈಕೆಳಗೆ 14 ಮಕ್ಕಳು. "ಅದೆಲ್ಲ ಬೇಡ, ಸೋಶಿಯಲ್ ಮೀಡಿಯಾ ಮತ್ತು ಸೆಲ್ಫ್ ಎಸ್ಟೀಮ್ ಮಾಡು, 60 ಜನ ಸಾಕು, ಮಾರ್ಚಿಗೆ ಬೈಂಡ್ ಮಾಡಿ ತಾ" ಅಂದ್ರಂತೆ. ಸೀನಿಯರ್ಸ್ ಗೂಗಲ್ ಫಾರ್ಮ್ ನಾವೇ ತುಂಬಿಸಿದ್ದು ಅಂತ ಹೇಳಿಕೊಟ್ರಂತೆ, ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ 3000 ರೂಪಾಯಿಗೆ ರೆಡಿಮೇಡ್ ಪ್ರಾಜೆಕ್ಟೇ ಸಿಗ್ತದಂತೆ. ತಂಗಿಯ ಪ್ರಶ್ನೆ ಮೂರು: ಇದನ್ನೆಲ್ಲ ಯಾಕೆ ಕಡ್ಡಾಯ ಮಾಡಿದ್ದು, ಗೈಡ್ ಅಂದ್ರೆ ಎಂತ ಕೆಲಸ, ಕನ್ನಡದ ಪ್ರಶ್ನಾವಳಿ ನಡೀತದಾ.

ಡಿಟಿಪಿ ಅಂಗಡಿಯ ವಿಷಯ ಮೊದಲು ಮುಗಿಸ್ತೇನೆ. ಬೇಡ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2018ರ ಕೃತಿಚೌರ್ಯದ ನಿಯಮದಲ್ಲಿ ನಕಲು ಹೋಲಿಕೆ 10 ಪರ್ಸೆಂಟ್ ದಾಟಿದ್ರೆ ತಿದ್ದಿ ಮತ್ತೆ ಕೊಡ್ಬೇಕು, 60 ದಾಟಿದ್ರೆ ರಿಜಿಸ್ಟ್ರೇಶನ್ನೇ ರದ್ದು, ಆ ಶಿಕ್ಷೆ ಬರೆದದ್ದು ಮಾಸ್ಟರ್ಸ್ ಮತ್ತು ಸಂಶೋಧನೆಯ ಮಕ್ಕಳಿಗೆ. ಆದ್ರೆ ನಾನು ಬೇಡ ಅನ್ನೋದು ಆ ಹೆದರಿಕೆಗಲ್ಲ. ನಿನ್ನ ಪತ್ರದಲ್ಲೊಂದು ಸಾಲು ಉಂಟಲ್ಲ, ಪ್ಲಸ್ ವನ್‌ನ ಮೊದಲ ಮೂರು ತಿಂಗಳು ಕ್ಲಾಸಲ್ಲಿ ಡೌಟ್ ಕೇಳ್ಲಿಕ್ಕೆ ಬಾಯಿ ಬಾರದೆ ಸಂಜೆ ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತು ಬರ್ತಿದ್ದೆ ಅಂತ. ಆ ಸಾಲು ಯಾವ ಅಂಗಡಿಯಲ್ಲೂ ಸಿಗುದಿಲ್ಲ.

ಕಡ್ಡಾಯ ಯಾಕೆ ಅಂತ ಕೇಳಿದ್ದಿ. ಎಲ್ಲ ಕಡೆ ಒಂದೇ ನಮೂನೆ ಇಲ್ಲ. ಅಮೆರಿಕದ ತುಂಬಾ ಕಾಲೇಜುಗಳಲ್ಲಿ ಡಿಗ್ರಿಯ ಥೀಸಿಸ್ ಅಂದ್ರೆ ಆನರ್ಸ್ ಬೇಕಾದವ್ರು ಒಬ್ಬ ಅಧ್ಯಾಪಕರ ಹತ್ರ ಒಂದು ವರ್ಷ ಕೂತು ಮಾಡುವಂಥದ್ದು, ಬೇಡದವ್ರಿಗೆ ಬೇಡ. ಬ್ರಿಟನ್ನಿನಲ್ಲಿ ಬೇರೆ, ಅಲ್ಲಿ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ ಒಪ್ಪಿದ ಡಿಗ್ರಿಯಲ್ಲಿ ಸ್ವಂತ ಪ್ರಾಜೆಕ್ಟ್ ಪಾಸಾಗದಿದ್ರೆ ಮುಂದೆ ಚಾರ್ಟರ್ಡ್ (ಸೊಸೈಟಿಯ ಮಾನ್ಯತೆ ಪಡೆದ) ಸೈಕಾಲಜಿಸ್ಟ್ ಆಗುವ ದಾರಿಯ ಮೊದಲ ಮೆಟ್ಟಿಲೇ ಸಿಗುದಿಲ್ಲ. ನಮ್ಮಲ್ಲಿ ಯುಜಿಸಿಯ 2022ರ ಡಿಸೆಂಬರಿನ ಚೌಕಟ್ಟು ನಾಲ್ಕು ವರ್ಷದ 160 ಕ್ರೆಡಿಟ್‌ನಲ್ಲಿ 12 ಕ್ರೆಡಿಟ್ ಸಂಶೋಧನೆಗೆ ಇಟ್ಟಿದೆ, ಮೊದಲ ಆರು ಸೆಮಿಸ್ಟರಲ್ಲಿ 75 ಪರ್ಸೆಂಟ್ ಇದ್ದವ್ರಿಗೆ. ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದ್ದು 2024ಕ್ಕೆ, ನಿನ್ನ ತಮ್ಮ ಅದರಲ್ಲಿದ್ದಾನೆ ಅಂದಿದ್ದಿಯಲ್ಲ, ಅವನೂ ಇದನ್ನು ಓದ್ಲಿ.

ಆದ್ರೆ ಕ್ರೆಡಿಟ್ ಲೆಕ್ಕ ಬಿಟ್ಟು ನನಗೆ ಅರ್ಥ ಆದ ಕಾರಣ ಹೇಳ್ತೇನೆ. ಕೆಮಿಸ್ಟ್ರಿಯವ್ರಿಗೆ ಅಳೀಲಿಕ್ಕೆ ಪಿಪೆಟ್ ಉಂಟು, ಜಿಯಾಲಜಿಯವ್ರಿಗೆ ಕಲ್ಲು ಕೈಯಲ್ಲಿ ಹಿಡೀಲಿಕ್ಕೆ ಸಿಗ್ತದೆ. ನೀವು ಸೈಕಾಲಜಿಯವ್ರು ಅಳೆಯುವ ಸಂಗತಿ ಕಣ್ಣಿಗೆ ಕಾಣುದಿಲ್ಲ, ಅಳತೆಯ ಸೇರು ಅನ್ನೋದೇ ಮಾತು. ಹಾಗಾಗಿ ಪುಸ್ತಕದಲ್ಲಿ ಎಷ್ಟು ಓದಿದ್ರೂ ಒಂದು ಸಲ ಆದ್ರೂ ಸ್ವಂತ ಕೈಯಲ್ಲಿ ಅಳೆದು ನೋಡದಿದ್ರೆ ಆ ಸೇರು ಎಲ್ಲಿ ಸೋರ್ತದೆ ಅಂತ ಗೊತ್ತೇ ಆಗುದಿಲ್ಲ. ದೊಡ್ಡೋರಿಗೇ ಸೋರಿದೆ. 2015ರಲ್ಲಿ ಸೈಕಾಲಜಿಯ 100 ಅಧ್ಯಯನಗಳನ್ನು ಮತ್ತೊಮ್ಮೆ ಮಾಡಿ ನೋಡಿದ್ರು, ಮೂಲದಲ್ಲಿ 97 ಪರ್ಸೆಂಟಿಗೆ ಫಲಿತಾಂಶ ಸಿಕ್ಕಿತ್ತು ಅಂತ ಇದ್ದದ್ದು ಎರಡನೇ ಸಲಕ್ಕೆ 36 ಪರ್ಸೆಂಟಿಗೆ ಇಳೀತು. ಆಮೇಲೆ ಆ ವಿಭಾಗದಲ್ಲಿ ಸುಮಾರು ಬದಲಾವಣೆ ಬಂತು, ಡೇಟಾ ತೆಗೆಯುವ ಮೊದಲೇ ಎಂತ ಲೆಕ್ಕ ಹಾಕ್ತೇನೆ ಅಂತ ಬರೆದಿಡುವ ಪದ್ಧತಿಯೂ ಆಗಲೇ ಹೆಚ್ಚಾದ್ದು. ನೀನೂ ಬರೆದಿಡು, ಗೈಡ್ ಹತ್ರ ಅದಕ್ಕೆ ತಾರೀಕು ಹಾಕಿಸಿ ಸೈನ್ ತಗೋ.

ಈಗ ಗೈಡ್. ಇಲ್ಲಿ ನನಗೆ ಹೇಳ್ಲಿಕ್ಕೆ ತುಂಬಾ ಉಂಟು. ನಮ್ಮ ಕಡೆ ಗೈಡ್ ಅಂದ್ರೆ ಮಾರ್ಚಿನಲ್ಲಿ ಸರ್ಟಿಫಿಕೇಟ್ ಪುಟಕ್ಕೆ ಸೈನ್ ಹಾಕುವವ್ರು ಅಂತ ಆಗಿಹೋಗಿದೆ, ಮಕ್ಕಳೂ ಹಾಗೇ ತಿಳ್ಕೊಂಡಿದ್ದಾರೆ, ಕೆಲವು ಅಧ್ಯಾಪಕರೂ ಹಾಗೇ ತಿಳ್ಕೊಂಡಿದ್ದಾರೆ. ನನ್ನ ಪ್ರಕಾರ ಗೈಡ್‌ನ ಕೆಲಸದ ಮುಕ್ಕಾಲು ಪಾಲು ಮೊದಲ ಫಾರ್ಮ್ ಮೊದಲ ಮಗುವಿನ ಕೈಗೆ ಹೋಗುವ ಮುಂಚೆ ಮುಗೀಬೇಕು. ಆಮೇಲೆ ತಪ್ಪು ಕಂಡ್ರೆ ತಿದ್ಲಿಕ್ಕಾಗುದಿಲ್ಲ, ಮಕ್ಕಳು ಉತ್ತರ ಬರೆದು ಆಗಿರ್ತದೆ.

ಉದಾಹರಣೆಗೆ ಆ 60 ಜನ. ನೀನು ಕನ್ನಡ ಮೀಡಿಯಂನಿಂದ ಬಂದವ್ರನ್ನೂ ಉಳಿದವ್ರನ್ನೂ ಹೋಲಿಸ್ಲಿಕ್ಕೆ ಹೊರಟದ್ದು, ಅಂದ್ರೆ ಒಂದೊಂದು ಕಡೆ 30. ಎರಡು ಗುಂಪಿನ ನಡುವೆ ಮಧ್ಯಮ ಮಟ್ಟದ ವ್ಯತ್ಯಾಸ ನಿಜವಾಗಿ ಇದ್ರೂ 30ರಲ್ಲಿ ಅದು ಲೆಕ್ಕಕ್ಕೆ ಸಿಕ್ಕುವ ಸಂಭವ ಅರ್ಧಕ್ಕಿಂತ ಕಮ್ಮಿ, ನಾಣ್ಯ ಚಿಮ್ಮಿದ ಹಾಗೆ. 80 ಪರ್ಸೆಂಟ್ ಭರವಸೆ ಬೇಕಾದ್ರೆ ಒಂದೊಂದು ಗುಂಪಿಗೆ 64 ಬೇಕು. ಎಷ್ಟು ಜನ ಬೇಕು ಅಂತ ಲೆಕ್ಕ ಹಾಕ್ಲಿಕ್ಕೆ ಜಿಪವರ್ ಅಂತ ಫ್ರೀ ಸಾಫ್ಟ್‌ವೇರ್ ಉಂಟು, ಹತ್ತು ನಿಮಿಷದ ಕೆಲಸ, ಗೈಡ್ ಪಕ್ಕದಲ್ಲಿ ಕೂತು ಒಮ್ಮೆ ತೋರಿಸಿದ್ರೆ ಸಾಕು. ಅಷ್ಟು ಮಕ್ಕಳು ಸಿಗದಿದ್ರೆ ಎಂತ ಮಾಡುದು? ಹೋಲಿಕೆ ಬಿಟ್ಟು ಹತ್ತೋ ಹನ್ನೆರಡೋ ಮಕ್ಕಳ ಹತ್ರ ಕೂತು ಮಾತಾಡಿಸಿ ಸಂದರ್ಶನದ ಅಧ್ಯಯನ ಮಾಡ್ಬಹುದು, ನನಗೆ ಕೇಳಿದ್ರೆ ನಿನ್ನ ವಿಷಯಕ್ಕೆ ಅದೇ ಹೆಚ್ಚು ಹೊಂದ್ತದೆ. ಆದ್ರೆ ಇದನ್ನು ನಾನಲ್ಲ ಹೇಳ್ಬೇಕಾದ್ದು, ಗೈಡ್. ಅವರಿಗೆ ನಿನ್ನ ಸಿಲೆಬಸ್ ಗೊತ್ತು, ವೈವಾಕ್ಕೆ (ಬಾಯಿ ಪರೀಕ್ಷೆಗೆ) ಬರುವವ್ರು ಎಂತ ಕೇಳ್ತಾರೆ ಅಂತ ಗೊತ್ತು.

ಮತ್ತೊಂದು, ಪ್ಲಸ್ ವನ್ ಮಕ್ಕಳು ಅಂದ್ರೆ 16, 17 ವರ್ಷ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಪ್ರಕಾರ 18 ತುಂಬದವ್ರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಅದರ ಜೊತೆ ಮಗುವಿನ ಸ್ವಂತ ಒಪ್ಪಿಗೆಯೂ ಬರಹದಲ್ಲಿ ಬೇಕು, ಹೆಡ್‌ಮಾಷ್ಟ್ರು ಹೂಂ ಅಂದ್ರೆ ಮುಗೀಲಿಲ್ಲ. ಮನೆಗೆ ಹೋಗುವ ಆ ಒಪ್ಪಿಗೆ ಕಾಗದ ಕನ್ನಡದಲ್ಲೇ ಇರ್ಬೇಕು, ಅಮ್ಮಂದಿರು ಓದಿ ಅರ್ಥ ಮಾಡ್ಕೊಳ್ಳುವ ಹಾಗೆ. ನೀನು ಪಿಎಚ್‌ಕ್ಯೂ-9, ಅಂದ್ರೆ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಯ ಪಟ್ಟಿ, ಉಪಯೋಗಿಸ್ತೇನೆ, ಫ್ರೀಯಾಗಿ ಸಿಗ್ತದೆ ಅಂತ ಬರ್ದಿದ್ದಿ. ಫ್ರೀ ಹೌದು, ಆದ್ರೆ ಅದರ ಒಂಬತ್ತನೇ ಪ್ರಶ್ನೆ ನೋಡಿದ್ದಿಯಾ? ಸಾಯುವ ಯೋಚನೆ, ತನಗೆ ತಾನೇ ಹಾನಿ ಮಾಡ್ಕೊಳ್ಳುವ ಯೋಚನೆ ಬಗ್ಗೆ. ಒಂದು ಮಗು ಅಲ್ಲಿ ಹೆಚ್ಚುಕಮ್ಮಿ ದಿನಾ ಅಂತ ಟಿಕ್ ಹಾಕಿದ ಫಾರ್ಮ್ ನಿನ್ನ ಬ್ಯಾಗಲ್ಲಿದ್ದು, ನೀನು ಅದನ್ನು ಒಂದು ವಾರ ಬಿಟ್ಟು ಎಕ್ಸೆಲ್‌ಗೆ ಹಾಕುವಾಗ ನೋಡಿದ್ರೆ? ಆ ದಿನವೇ ಫಾರ್ಮ್ ನೋಡುವವ್ರು ಯಾರು, ಯಾರಿಗೆ ಫೋನ್ ಮಾಡುದು, ಮನೆಯವ್ರಿಗೆ ಹೇಗೆ ಹೇಳುದು ಅಂತ ಗೈಡ್ ಜೊತೆ ಕೂತು ಮೊದಲೇ ತೀರ್ಮಾನ ಆಗ್ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಪ್ರತಿ ಮಗುವಿನ ಕೈಗೂ ಹೋಗ್ಬೇಕು. ಅಷ್ಟು ವ್ಯವಸ್ಥೆ ಆಗದಿದ್ರೆ ಆ ಪ್ರಶ್ನೆ ಬಿಟ್ಟ ಪಿಎಚ್‌ಕ್ಯೂ-8 ಅಂತಲೇ ಉಂಟು, ಅದು ಸಾಕು. ಈ ಒಂದು ವಿಷಯದಲ್ಲಿ ಗೈಡ್‌ಗೆ ಪುರುಸೊತ್ತಿಲ್ಲ ಅಂದ್ರೆ ನಾನು ಒಪ್ಪುದಿಲ್ಲ, 20 ವರ್ಷದ ಹುಡುಗಿಯ ತಲೆಗೆ ಕಟ್ಟುವ ಭಾರ ಅಲ್ಲ ಅದು.

ಇಷ್ಟು ಒತ್ತಿ ಹೇಳ್ಲಿಕ್ಕೆ ಕಾರಣ ಉಂಟು. ಕೆಲವು ವರ್ಷದ ಹಿಂದೆ ಎಣ್ಮಕಜೆ ಕಡೆ ಒಂದು ಮನೆಗೆ ಪ್ರಾಜೆಕ್ಟಿನ ಮಕ್ಕಳ ಜೊತೆ ದಾರಿ ತೋರಿಸ್ಲಿಕ್ಕೆ ಹೋಗಿದ್ದೆ, ಎಂಡೋಸಲ್ಫಾನ್ ಕೀಟನಾಶಕದಿಂದಾಗಿ ಮಲಗಿದಲ್ಲೇ ಇರುವ ಮಗನನ್ನು ನೋಡಿಕೊಳ್ಳುವ ಅಮ್ಮ. ಮಕ್ಕಳು ಬಾಯಿ ತೆರೆಯುವ ಮುಂಚೆ ಅವರೇ ಒಳಗೆ ಹೋಗಿ ಪ್ಲಾಸ್ಟಿಕ್ ಲಕೋಟೆ ತಂದ್ರು, ವಯಸ್ಸು, ಯಾವಾಗ ಶುರು, ಯಾವ ಆಸ್ಪತ್ರೆ, ಎಲ್ಲ ಒಂದರ ಹಿಂದೆ ಒಂದು ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸಿದ್ರು, ಅಷ್ಟು ಸಲ ಅಷ್ಟು ಜನ ಬಂದು ಕೇಳಿದ್ದಾರೆ. ಆಮೇಲೆ ಕೇಳಿದ್ರು, "ಇದು ಬರ್ಕೊಂಡು ಹೋದ ಮೇಲೆ ಎಂತ ಮಾಡ್ತೀರಿ ಮಕ್ಕಳೇ?" ಮಕ್ಕಳ ಹತ್ರ ಉತ್ತರ ಇರ್ಲಿಲ್ಲ, ಅವರ ಗೈಡ್ ಆ ಪ್ರಶ್ನೆಗೆ ಅವರನ್ನು ತಯಾರು ಮಾಡಿ ಕಳಿಸಿರ್ಲಿಲ್ಲ. ವಾಪಸ್ ಬರುವಾಗ ಜೀಪಲ್ಲಿ ಯಾರೂ ಮಾತಾಡ್ಲಿಲ್ಲ.

ಇನ್ನು ಕನ್ನಡ ಪ್ರಶ್ನಾವಳಿ. ನಡೀತದೆ, ಧಾರಾಳ ನಡೀತದೆ. ಸೈಕಾಲಜಿ ಕನ್ನಡದವ್ರಿಗೆ ಹೊಸತೂ ಅಲ್ಲ, ಮೈಸೂರಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರು ವಿಭಾಗ ಕಟ್ಟಿದ್ರು (1935ರಲ್ಲಿ ತನ್ನ ಮನೆಯಿಂದ ರೇಡಿಯೋ ಶುರು ಮಾಡಿದವ್ರೂ ಅವರೇ, ಅದೇ ಆಕಾಶವಾಣಿ). ಆದ್ರೆ ಮೈಸೂರಿನ ಕನ್ನಡ ತಂದು ಇಲ್ಲಿ ಅಳೆದ್ರೆ ಆಗುದಿಲ್ಲ. ಬೇಜಾರು ಅನ್ನುವ ಒಂದೇ ಶಬ್ದ ತಗೋ. ನಮ್ಮ ನೆರೆಮನೆಯ ಹುಡುಗಿ ಒಬ್ಬಳು ಹಿಂದೆ ಹೀಗೇ ಒಂದು ಪ್ರಶ್ನಾವಳಿ ಮಾಡಿದ್ಲು, ಅದರಲ್ಲಿ "ಕಳೆದ ತಿಂಗಳು ನಿಮಗೆ ಎಷ್ಟು ಸಲ ಬೇಜಾರಾಗಿದೆ" ಅಂತ ಇತ್ತು. ಮೂರು ಮಕ್ಕಳು ಯಾವಾಗಲೂ ಅಂತ ಟಿಕ್ ಹಾಕಿದ್ರು. ಯಾಕೆ ಅಂತ ಕೇಳು ಅಂದೆ. ಒಬ್ಬನಿಗೆ ರಜೆಯಲ್ಲಿ ಆಡ್ಲಿಕ್ಕೆ ಜನ ಇಲ್ದೆ ಹೊತ್ತು ಹೋಗ್ತಿರ್ಲಿಲ್ಲ. ಒಬ್ಬಳ ಅಜ್ಜಿ ತೀರಿಕೊಂಡಿದ್ರು. ಮೂರನೆಯವನ ಮನೆಮಾತು ಮಲಯಾಳಂ, ಅವ್ನಿಗೆ ಪರೀಕ್ಷೆ ಹತ್ರ ಬಂತು ಅಂತ ಹೆದರಿಕೆ, ಉತ್ತರ ಮಲಬಾರಿನ ಮಲಯಾಳದಲ್ಲಿ ಬೇಜಾರ್ ಅಂದ್ರೆ ಆತಂಕ ಅಲ್ವಾ. ಹೊತ್ತು ಹೋಗದ್ದು, ದುಃಖ, ಆತಂಕ, ಮೂರೂ ಒಂದೇ ಚೌಕದೊಳಗೆ ಒಂದೇ ಅಂಕ ತಗೊಂಡು ಕೂತವು. ಏಳು ಭಾಷೆಯ ಊರು ಅಂತ ನಾವು ಭಾಷಣದಲ್ಲಿ ಹೇಳ್ತೇವೆ, ಅದು ಪ್ರಶ್ನಾವಳಿಯಲ್ಲಿ ಹೀಗೆ ಬಂದು ಎದುರು ನಿಲ್ತದೆ. ನಿನಗೆ ಇದು ಕಾಣ್ತದೆ, ಮೂರು ಭಾಷೆಯೂ ನಿನ್ನ ಬಾಯಲ್ಲಿದೆ, ಬೇರೆ ಊರಿಂದ ಬಂದವ್ರಿಗೆ ಕಾಣುದಿಲ್ಲ. ಪ್ರಾಜೆಕ್ಟಿನಲ್ಲಿ ಇದಕ್ಕೇ ಒಂದು ಅಧ್ಯಾಯ ಇಡು.

ಗೈಡ್‌ಗೆ ಕನ್ನಡ ಬರುದಿಲ್ಲ, ಅವರು ಹೇಗೆ ಒಪ್ತಾರೆ ಅಂತ ನಿನ್ನ ಚಿಂತೆ. ಅದಕ್ಕೆ ದಾರಿ 1970ರಿಂದ ಉಂಟು, ಬ್ರಿಸ್ಲಿನ್ ಅನ್ನುವವ್ರು ಬರೆದ ಮರು ಅನುವಾದದ ಕ್ರಮ. ಇಂಗ್ಲಿಷಿನ ಒತ್ತಡದ ಅಳತೆ ನೀನು ಕನ್ನಡಕ್ಕೆ ತರ್ತಿ. ಮೂಲ ನೋಡದ ಇನ್ನೊಬ್ರು ನಿನ್ನ ಕನ್ನಡವನ್ನು ತಿರುಗಿ ಇಂಗ್ಲಿಷಿಗೆ ಮಾಡ್ತಾರೆ. ಈಗ ಗೈಡ್ ಎದುರು ಎರಡು ಇಂಗ್ಲಿಷ್ ಹಾಳೆ ಇರ್ತದೆ, ಅವರು ಸಾಲು ಸಾಲು ಹೋಲಿಸಿ ಎಲ್ಲಿ ಅರ್ಥ ಜಾರಿದೆ ಅಂತ ಹೇಳ್ಬಹುದು, ಕನ್ನಡದ ಒಂದು ಅಕ್ಷರ ಬಾರದಿದ್ರೂ. ಆಮೇಲೆ ಐದಾರು ಮಕ್ಕಳಿಗೆ ಕೊಟ್ಟು, ಈ ಸಾಲು ಓದಿದಾಗ ಎಂತ ಯೋಚನೆ ಬಂತು ಅಂತ ಬಾಯಿಬಿಟ್ಟು ಹೇಳಿಸ್ಬೇಕು. ಪಿಎಚ್‌ಕ್ಯೂಗೆ ಕನ್ನಡ ರೂಪ ಈಗಾಗಲೇ ಇದ್ರೂ ಇಲ್ಲಿನ ಮಕ್ಕಳಿಗೆ ಹೀಗೆ ಓದಿಸಿಯೇ ಉಪಯೋಗಿಸು.

ಗೈಡ್ ಮೇಲೆ ಕೋಪ ಬೇಡ ತಂಗೀ. 14 ಮಕ್ಕಳು, ಕ್ಲಾಸು, ಪೇಪರ್ ವ್ಯಾಲ್ಯುವೇಶನ್, ಅವರಿಗೂ ಸಾಕಾಗಿರ್ತದೆ, 14 ಜನಕ್ಕೂ ಒಂದೇ ವಿಷಯ ಕೊಟ್ರೆ ಕೆಲಸ ಹಗುರ ಅಂತ ಆಗಿರ್ಬಹುದು. ಸರ್ ಎಂತ ಮಾಡುದು ಅಂತ ಬರಿಗೈಯಲ್ಲಿ ಹೋಗ್ಬೇಡ. ಒಂದೇ ಪುಟದಲ್ಲಿ ನಿನ್ನ ಪ್ರಶ್ನೆ, ಯಾವ ಮಕ್ಕಳು, ಎಷ್ಟು ಜನ, ಯಾವ ಅಳತೆ, ಒಪ್ಪಿಗೆ ಹೇಗೆ ಅಂತ ಬರ್ದು ತಗೊಂಡು ಹೋಗು, ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಕೊಡಿ ಅಂತ ಕೇಳು, ಕೇಳ್ಲಿಕ್ಕೆ ನಾಚಿಕೆ ಬೇಡ, ಅದು ನಿನ್ನ ಹಕ್ಕು. ಪ್ರತಿ ಸಲ ಮಾತಾಡಿದ್ದನ್ನು ಆ ರಾತ್ರಿಯೇ ಮೇಲ್ ಮಾಡು. ಸೈಕಾಲಜಿ ಗೊತ್ತಿದ್ದು ಕನ್ನಡವೂ ಗೊತ್ತಿರುವ ಅಧ್ಯಾಪಕರು ಬೇರೆ ಕಾಲೇಜಲ್ಲಿದ್ರೆ ಕೋ-ಗೈಡ್ ಮಾಡ್ಬಹುದಾ ಅಂತಲೂ ಅವರನ್ನೇ ಕೇಳು, ಅವರ ಬೆನ್ನ ಹಿಂದೆ ಬೇಡ.

ಮರು ಅನುವಾದಕ್ಕೆ ಜನ ಸಿಗದಿದ್ರೆ ನಾನು ಮಾಡ್ತೇನೆ. ಗುರುವಾರ ಮಧ್ಯಾಹ್ನ ಮೇಲೆ ಆಫೀಸಲ್ಲಿರ್ತೇನೆ, ಸಂಚಿಕೆ ಪ್ರೆಸ್ಸಿಗೆ ಹೋದ ಮಾರನೇ ದಿನ ಅದು, ಕೈ ಖಾಲಿ. ಕನ್ನಡದ ಹಾಳೆ ಮಾತ್ರ ತಾ, ಇಂಗ್ಲಿಷಿನದ್ದು ನನಗೆ ತೋರಿಸ್ಬೇಡ.

ಇತಿ,
ಸಂಪಾದಕ