ಪ್ರೊಜೆಕ್ಟರ್ ಹಿಂದಿಟ್ಟರೆ ನಟರಿಗೆ ಎಷ್ಟು ಜಾಗ ಉಳಿಯುತ್ತದೆ?

ಪ್ರಶ್ನೆ: ನಮ್ಮದು ಹವ್ಯಾಸಿ ನಾಟಕ ತಂಡ. ಹಿನ್ನೆಲೆಗೆ ಮಳೆ, ಪೇಟೆ ಬೀದಿಯ ವಿಡಿಯೊ ಬೇಕು. ಎದುರಿನಿಂದ ಬಿಟ್ಟರೆ ನಟರ ನೆರಳು ಪರದೆ ಮೇಲೆ ಬೀಳುತ್ತದೆ. ಹಿಂದಿನಿಂದ ಬಿಡಬಹುದೇ? ರಂಗದ ಆಳ 24 ಅಡಿ, ಪರದೆಯ ಅಗಲ 12 ಅಡಿ.
— ಒಬ್ಬ ಓದುಗರು, ತಿಪಟೂರು

ಉತ್ತರ: ಖಂಡಿತ ಬಿಡಬಹುದು. ಆದರೆ ಬಟ್ಟೆ ಕೊಳ್ಳುವ ಮೊದಲು ಟೇಪು ಹಿಡಿದು ಲೆಕ್ಕ ಹಾಕಿ. ಪ್ರೊಜೆಕ್ಟರಿನ ಕೈಪಿಡಿಯಲ್ಲಿ ‘ಥ್ರೋ ರೇಶಿಯೊ’ ಅಂತ ಒಂದು ಸಂಖ್ಯೆ ಇರುತ್ತದೆ. ಅದನ್ನು ಚಿತ್ರದ ಅಗಲದಿಂದ ಗುಣಿಸಿ. ಪರದೆಯಿಂದ ಲೆನ್ಸ್ ಅಷ್ಟು ದೂರ ಇರಬೇಕು. ಕಾಲೇಜುಗಳಲ್ಲಿ ಸಿಗುವ ಮಾಮೂಲಿ ಪ್ರೊಜೆಕ್ಟರಿಗೆ ಅದು 1.5ರ ಆಸುಪಾಸು. ಅಂದರೆ 18 ಅಡಿ ಹಿಂದೆಯೇ ಹೋಯಿತು. ನಟರಿಗೆ ಉಳಿದಿದ್ದು ಆರೇ ಅಡಿ! ಅಷ್ಟರಲ್ಲಿ ನಾಟಕ ಆಡಲಾಗುವುದಿಲ್ಲ, ಅಲ್ವಾ? 0.5 ಇರುವ ಶಾರ್ಟ್ ಥ್ರೋ ಪ್ರೊಜೆಕ್ಟರನ್ನು ಬಾಡಿಗೆಗೆ ತನ್ನಿ. ಆರು ಅಡಿ ಸಾಕು. ಅದರಲ್ಲಿ ಬಟ್ಟೆಯ ಸುಕ್ಕು ಜಾಸ್ತಿ ಎದ್ದು ಕಾಣುತ್ತದೆ, ನಾಲ್ಕೂ ಕಡೆ ಬಿಗಿಯಾಗಿ ಎಳೆದು ಕಟ್ಟಿ.

ಬಟ್ಟೆ ತೀರಾ ತೆಳುವಾಗಿರಬಾರದು. ನಾನೊಮ್ಮೆ ಬಿಳಿ ಮಲ್ ಬಟ್ಟೆ ಕಟ್ಟಿ ನೋಡಿದ್ದೆ. ಮುಂದಿನ ಸಾಲಿನವರಿಗೆ ಲೆನ್ಸಿನ ಬೆಳಕೇ ಚುಚ್ಚುತ್ತಿತ್ತು. ದಪ್ಪ ಹತ್ತಿ ಬಟ್ಟೆ ತನ್ನಿ. ಪರದೆಯ ಕೆಳಗೆ ಎರಡಡಿ ಕಪ್ಪು ಬಟ್ಟೆ ಕಟ್ಟಿ, ಅದರ ಹಿಂದೆ ನೆಲದ ಮೇಲೆ ಪ್ರೊಜೆಕ್ಟರ್ ಇಟ್ಟು ಚಿತ್ರವನ್ನು ಮೇಲಕ್ಕೆ ಬಿಡಿ. ಆಗ ಲೆನ್ಸ್ ನೇರ ಕಣ್ಣಿಗೆ ಸಿಗುವುದಿಲ್ಲ.

ನಮ್ಮ ತೊಗಲುಗೊಂಬೆಯಾಟವನ್ನು ನೆನೆಸಿಕೊಳ್ಳಿ. ಪರದೆಯ ಹಿಂದೆ ದೀಪ, ನಡುವೆ ಬಣ್ಣದ ಗೊಂಬೆ, ಈಚೆ ಕಡೆ ಕತ್ತಲು. ಆ ಕತ್ತಲಿನಿಂದಲೇ ಗೊಂಬೆಯ ಕೆಂಪು ಅಷ್ಟು ಹೊಳೆಯುವುದು. ನಿಮಗೆ ನಟರ ಮುಖವೂ ಕಾಣಬೇಕು, ಕಷ್ಟ ಇರುವುದೇ ಇಲ್ಲಿ. ಎದುರಿನ ಸ್ಪಾಟ್‌ಗಳನ್ನು ಮಂದ ಮಾಡಿ, ರಂಗದ ಎರಡೂ ಪಕ್ಕದ ವಿಂಗ್‌ಗಳಿಂದ ಅಡ್ಡ ಬೆಳಕು ಕೊಡಿ. ನಟರು ಪರದೆಯಿಂದ ಐದಡಿಯಾದರೂ ಮುಂದಿರಲಿ. ನೆಲಕ್ಕೆ ಕಪ್ಪು ಬಟ್ಟೆ ಹಾಸಿ. ಬಿಳಿ ನೆಲದಿಂದ ಎದ್ದ ಬೆಳಕು ಪರದೆಗೆ ತಾಗಿದರೂ ಮಳೆ ಮಾಸಿಹೋಗುತ್ತದೆ.

ಮೆನುವಿನಲ್ಲಿ ‘ರಿಯರ್’ ಆರಿಸಲು ಮರೆಯಬೇಡಿ. ಇಲ್ಲದಿದ್ದರೆ ಅಂಗಡಿ ಬೋರ್ಡುಗಳ ಅಕ್ಷರ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುತ್ತವೆ.

ಇನ್ನೊಂದು ಮಾತು. ಪ್ರೊಜೆಕ್ಟರಿನ ಕಪ್ಪು ನಿಜವಾದ ಕತ್ತಲಲ್ಲ. ರಂಗದ ದೀಪಗಳನ್ನು ಆರಿಸಿದಾಗಲೂ ಪರದೆ ಬೂದಿ ಬಣ್ಣಕ್ಕೆ ಮಿನುಗುತ್ತಿರುತ್ತದೆ. ಲೆನ್ಸಿನ ಮುಂದೆ ಒಂದು ರಟ್ಟು ಹಿಡಿಯಲು ಹುಡುಗನೊಬ್ಬನನ್ನು ಕೂರಿಸಿ. ಅವನನ್ನು ಮೊದಲ ರಿಹರ್ಸಲ್‌ನಿಂದಲೇ ಕರೆಸಿಕೊಳ್ಳಿ.