ಬಾಕ್ಸರ್‌ನ ತಂತ್ರ ಚೆನ್ನಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಜೋರಾಗಿ ಹೊಡೆಯುವವರೇ ದೊಡ್ಡ ಬಾಕ್ಸರ್ ಅಲ್ವಾ ಅಂತ ಕೇಳಿದ್ದೀರಿ. ಬಲ ಬೇಕು, ನಿಜ. ಆದರೆ ತಂತ್ರ ನೋಡಬೇಕಾದರೆ ಮೊದಲು ಕಾಲು ನೋಡಿ.

ನಮ್ಮ ಬಳ್ಳಾರಿ ಕಡೆ ಗರಡಿ ಮನೆ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಕುಸ್ತಿಯಲ್ಲಿ ನಿಲುವು ಕೆಟ್ಟರೆ ಪಟ್ಟೂ ಕೆಟ್ಟಿತು. ಬಾಕ್ಸಿಂಗ್‌ನಲ್ಲೂ ಅಷ್ಟೇ. ಹೊಡೆತದ ಬಲ ಪಾದದಲ್ಲಿ ಹುಟ್ಟಿ, ಸೊಂಟ, ಭುಜ ದಾಟಿ ಮುಷ್ಟಿಗೆ ಬರುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು ಅಂತರದ ಲೆಕ್ಕ. ಎದುರಾಳಿಯ ಪಂಚ್ ನಮಗೆ ತಾಗದೆ ಒಂದೆರಡು ಇಂಚು ದೂರದಲ್ಲೇ ನಿಲ್ಲಬೇಕು, ನಮ್ಮದು ಮಾತ್ರ ತಾಗಬೇಕು. ಈ ಅಳತೆ ತೆಗೆಯುವುದು ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಹೊಡೆತ. ಅದು ಸುಮ್ನೆ ಚುಚ್ಚುವುದಕ್ಕಲ್ಲ. ಎದುರಾಳಿಯ ಲಯ ಕೆಡಿಸುತ್ತದೆ, ಹಿಂದಿನ ಕೈಗೆ ದಾರಿ ಮಾಡುತ್ತದೆ. ಹೊಡೆದ ಕೈ ತಕ್ಷಣ ಗದ್ದದ ಹತ್ತಿರ ವಾಪಸ್ ಬರಬೇಕು.

ಉಕ್ರೇನಿನ ವಸಿಲ್ ಲೊಮಚೆಂಕೊ ಅವರನ್ನು ನೋಡಿ. 2008 ಮತ್ತು 2012ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದವರು. ಅವರ ಅಪ್ಪನೇ ತರಬೇತುದಾರರಾಗಿದ್ದರು. ಚಿಕ್ಕಂದಿನಲ್ಲಿ ಮಗನಿಗೆ ಬಾಕ್ಸಿಂಗ್ ನಿಲ್ಲಿಸಿ ಡ್ಯಾನ್ಸ್ ಕಲಿಸಿದರು. ಆ ಹೆಜ್ಜೆಗಳು ರಿಂಗ್‌ನಲ್ಲಿ ಕಾಣುತ್ತಿದ್ದವು. ಹೊಡೆದು ಪಕ್ಕಕ್ಕೆ ಸರಿಯುತ್ತಿದ್ದರು. ಎದುರಾಳಿ ತಿರುಗುವಷ್ಟರಲ್ಲಿ ಇನ್ನೊಂದು ಕಡೆಯಿಂದ ಏಟು. ಎಷ್ಟು ಚೆಂದ!

ನಮ್ಮ ತೋರಣಗಲ್ಲು ಹತ್ತಿರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಅನ್ನೋ ಕ್ರೀಡಾ ತರಬೇತಿ ಕೇಂದ್ರದಲ್ಲೂ ಬಾಕ್ಸಿಂಗ್ ಕಲಿಸುತ್ತಾರೆ. ಮುಂದಿನ ಸಲ ಪಂದ್ಯ ನೋಡುವಾಗ ಒಂದು ರೌಂಡ್ ಪೂರ್ತಿ ಬರೀ ಪಾದಗಳನ್ನೇ ಗಮನಿಸಿ.